ನಮ್ಮ ಮೇಲಿನ ಮನೆ ಖಾಲಿಯಿತ್ತು

ಆಗ ನಾನು ಸೋಲದೇವನಹಳ್ಳಿಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಲೈಬ್ರರಿ ನೋಡಿಕೊಳ್ಳುತ್ತಿದ್ದೆ. 2013ರ ಮಳೆಗಾಲದಲ್ಲಿ ಪೂರ್ವ ಆಫ್ರಿಕಾದ ಕಡಲ ತೀರದ ಒಂದು ಪಟ್ಟಣದಿಂದ ಒಬ್ಬ ಹೆಂಗಸು ಎಂ.ಎಸ್ಸಿ. ಓದಲು ಬಂದರು. ನಲವತ್ತರ ಹತ್ತಿರದ ವಯಸ್ಸು. ಹದಿನೈದು ವರ್ಷ ಆಸ್ಪತ್ರೆಯಲ್ಲಿ ದುಡಿದವರು. ಅಂಥವರನ್ನು ಹಾಸ್ಟೆಲಿನಲ್ಲಿ ಹದಿನೆಂಟರ ಹುಡುಗಿಯರ ಜೊತೆ ಸಾಲಿನಲ್ಲಿ ನಿಲ್ಲಿಸಿ ಹಾಜರಿ ತೆಗೆದುಕೊಳ್ಳುತ್ತಿದ್ದರು. "ನನಗೊಂದು ಮನೆ ಬೇಕು. ಒಂದು ರೂಮು, ಒಂದು ಒಲೆ ಇದ್ದರೆ ಸಾಕು" ಎಂದು ಇಂಗ್ಲಿಷಿನಲ್ಲಿ ಕೇಳಿದರು. "ಅದೇನು ಮಹಾ, ಭಾನುವಾರ ಹೋಗಿ ನೋಡೋಣ" ಎಂದೆ.

ಮೊದಲನೆಯದು ನಮ್ಮ ಅಟ್ಟೂರಿನಲ್ಲೇ ಸಿಕ್ಕಿತ್ತು. ಬೆಳಿಗ್ಗೆ ಫೋನ್ ಮಾಡಿದಾಗ ಯಜಮಾನರು "ಬನ್ನಿ ಬನ್ನಿ, ಖಾಲಿ ಇದೆ" ಎಂದಿದ್ದರು. ನಾವು ಗೇಟಿನ ಮುಂದೆ ನಿಂತಾಗ ಮೆಟ್ಟಿಲಿಳಿದು ಬಂದು, ಆಕೆಯನ್ನು ನೋಡಿ, ನನ್ನನ್ನು ಪಕ್ಕಕ್ಕೆ ಕರೆದರು.

"ಇವ್ರಿಗಾ? ನಿಮ್ಗೆ ಅಂದ್ಕೊಂಡಿದ್ದೆ ಕಣಮ್ಮ."

"ಅವ್ರಿಗೇ ಅಂಕಲ್. ನಮ್ ಕಾಲೇಜಲ್ಲೇ ಓದ್ತಿದಾರೆ."

"ಅಯ್ಯೋ, ಈಗ್ ತಾನೇ ನಮ್ ಷಡ್ಕನ ಫೋನ್ ಬಂತು. ಅವ್ರ ಕಡೆಯೋರು ಬರ್ತಾರಂತೆ."

'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ಅವರ ತಲೆಯ ಮೇಲೇ ತೂಗುತ್ತಿತ್ತು. ಮುಂದಿನ ಭಾನುವಾರ ಅದೇ ದಾರಿಯಲ್ಲಿ ಹೋದಾಗಲೂ ತೂಗುತ್ತಿತ್ತು.

ಎರಡನೆಯದು ಯಲಹಂಕ ನ್ಯೂಟೌನಿನಲ್ಲಿ. ಅಲ್ಲಿಯ ಅಮ್ಮನವರು ಒಳಗೆ ಕೂರಿಸಿ ಕಾಫಿ ಕೊಟ್ಟರು. ನನಗೆ ಸ್ಟೀಲ್ ಲೋಟದಲ್ಲಿ, ಆಕೆಗೆ ಪೇಪರ್ ಕಪ್ಪಿನಲ್ಲಿ. ಆಮೇಲೆ ಮೆತ್ತಗೆ ಶುರು ಮಾಡಿದರು: "ಫಾರಿನ್ನೋರು ಅಂದ್ರೆ ಪೊಲೀಸ್ನೋರಿಗೆಲ್ಲಾ ಬರ್ಕೊಡ್ಬೇಕಂತಲ್ಲ?" ಫಾರಂ ನಾನೇ ತುಂಬಿಸಿ ಕೊಟ್ಟು ಬರುತ್ತೇನೆ ಎಂದೆ. "ಅದ್ ಸರಿ, ಅಕ್ಕಪಕ್ಕದೋರು ಸುಮ್ನಿರ್ತಾರಾ?" ಅಕ್ಕಪಕ್ಕದವರನ್ನೂ ನಾನೇ ಮಾತಾಡಿಸುತ್ತೇನೆ ಎಂದೆ. ಕೊನೆಗೆ, "ನಮ್ಮೆಜಮಾನ್ರು ಬೇಡ ಅಂತಾರೆ ಕಣ್ರೀ" ಎಂದುಬಿಟ್ಟರು. ಯಜಮಾನರು ಟಿ.ವಿ. ನೋಡುತ್ತ ಅಲ್ಲೇ ಕೂತಿದ್ದರು. ಆಕೆ ಕಾಫಿ ಮುಗಿಸಿ, ಖಾಲಿ ಕಪ್ಪನ್ನು ಮಡಿಸಿ ತಮ್ಮ ಚೀಲಕ್ಕೆ ಹಾಕಿಕೊಂಡರು.

ಹೀಗೆ ಐದು ಭಾನುವಾರ, ಹನ್ನೊಂದು ಮನೆ. ಒಂದು ಕಡೆ ಮಾಂಸದ ಅಡುಗೆಯ ನೆಪ, ಇನ್ನೊಂದು ಕಡೆ ಗಂಡ ಜೊತೆಗಿಲ್ಲ ಎಂಬ ನೆಪ. ಚಿಕ್ಕಜಾಲದಲ್ಲಂತೂ ಬೀಗದ ಕೈ ಕಳೆದುಹೋಗಿದೆ ಎಂದರು. ಅಲ್ಲಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಆ ಜನರನ್ನೆಲ್ಲ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಆಕೆ ಕಿಟಕಿಯಾಚೆ ನೋಡುತ್ತ ಹೇಳಿದರು: "ನಮ್ಮ ಮನೆಯ ಹಿಂದಿನ ಭಾಗದಲ್ಲಿ ಹನ್ನೆರಡು ವರ್ಷ ಒಂದು ಗುಜರಾತಿ ಕುಟುಂಬ ಬಾಡಿಗೆಗಿತ್ತು. ಅವರ ಮನೆಯ ಒಗ್ಗರಣೆ ಘಾಟಿಗೆ ನಮ್ಮಮ್ಮ ದಿನಾ ಸೀನುತ್ತಿದ್ದಳು. ಹೋಗಿ ಅಂತ ಒಂದು ದಿನವೂ ಹೇಳಲಿಲ್ಲ."

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಮೊನ್ನೆ ನಿಮ್ಮ ಮನೆಗೆ ಊಟಕ್ಕೆ ಬಂದಾಗ ಮೇಲಿನ ಮನೆಗೆ ಬೀಗ ಹಾಕಿತ್ತು. ಅದು ಯಾರದು?"

ಅದು ನಮ್ಮದೇ. ಹಿಂದಿನ ಬಾಡಿಗೆದಾರರು ಬಿಟ್ಟುಹೋಗಿ ಏಳು ತಿಂಗಳಾಗಿತ್ತು. ನನಗೆ ಅದು ನೆನಪಿರಲಿಲ್ಲವೆಂದರೆ ಸುಳ್ಳಾದೀತು. ಮೊದಲ ಭಾನುವಾರವೇ ನೆನಪಿಗೆ ಬಂದಿತ್ತು. ಮನೆಯಲ್ಲಿ ಬಾಯಿ ಬಿಡುವ ಧೈರ್ಯವಿರಲಿಲ್ಲ, ಅಷ್ಟೇ. "ಅತ್ತೆಯನ್ನು ಕೇಳಿ ಹೇಳ್ತೀನಿ" ಎಂದೆ.

ಅವತ್ತೇ ಸಂಜೆ ಕೇಳಿದೆ. ಅತ್ತೆ ಬಟಾಣಿ ಬಿಡಿಸುತ್ತಿದ್ದರು. "ನಂದೇನೂ ಇಲ್ಲಮ್ಮ. ಊರ್ ಕಡೆಯಿಂದ ಯಾರಾದ್ರೂ ಬಂದ್ರೆ ಎಲ್ಲಿರ್ತಾರೆ?"

"ಏಳ್ ತಿಂಗ್ಳಿಂದ ಯಾರ್ ಬಂದಿದಾರೆ ಅತ್ತೆ?"

"ಬಂದ್ರೆ ಅಂದೆ. ನಾಳೆ ಬೀದಿಯೋರು ಕೇಳಿದ್ರೆ ನಾನೇನ್ ಹೇಳ್ಲಿ?"

ನನ್ನ ಗಂಡ ಪೇಪರಿನಿಂದ ತಲೆಯೆತ್ತದೆ, "ಇಲ್ದಿರೋ ತಲೆನೋವು ಯಾಕ್ ತರ್ತೀಯ, ಬಿಡು" ಎಂದರು. ಒಂದು ವಾರ ಜಗಳವಾಡಿದೆ, ಮಾತು ಬಿಟ್ಟೆ, ಎರಡು ದಿನ ಊಟವನ್ನೂ ಬಿಟ್ಟೆ. ಏನೂ ಆಗಲಿಲ್ಲ. ಸೋಮವಾರ ಕಾಲೇಜಿನಲ್ಲಿ ಆಕೆಗೆ, "ಮೇಲೆ ರಿಪೇರಿ ನಡೀತಿದೆ, ತುಂಬಾ ದಿನ ಆಗುತ್ತೆ" ಎಂದೆ. ಆಕೆ "ಸರಿ" ಎಂದು ಪುಸ್ತಕಕ್ಕೆ ಸೀಲು ಹಾಕಿಸಿಕೊಂಡು ಹೋದರು. ಆಮೇಲೆ ಭಾನುವಾರಗಳಲ್ಲಿ ನನ್ನನ್ನು ಕರೆಯಲೇ ಇಲ್ಲ.

ಒಂದು ತಿಂಗಳಿಗೆ, ಕಾಲೇಜಿನ ಹಿಂದೆ ಹಸು ಸಾಕಿಕೊಂಡಿದ್ದ ಒಬ್ಬ ಮುದುಕಿಯ ಮನೆಯನ್ನು ಅವರೇ ಹುಡುಕಿಕೊಂಡರು. ಶೀಟಿನ ಸೂರು, ಒಂದೇ ಕೋಣೆ, ಅಂಗಳದಲ್ಲಿ ನಲ್ಲಿ. ಹಾಲು ಉಕ್ಕಿಸುವ ದಿನ ನನಗೂ ಹೇಳಿಕಳಿಸಿದ್ದರು. ಸಂಕೋಚದಿಂದಲೇ ಹೋದೆ. ಹಾಲನ್ನೂ ಮುದುಕಿಯೇ ಕೊಟ್ಟಿದ್ದಳು.

"ನಿಮಗೆ ಭಯ ಆಗ್ಲಿಲ್ವಾ ಅಜ್ಜಿ, ಪೊಲೀಸು, ಅಕ್ಕಪಕ್ಕ ಅಂತ?" ಎಂದು ಕೇಳಿದೆ.

"ಬಯ ಯಾಕವ್ವ? ಒಬ್ಳೇ ಎಣ್ಣೆಂಗ್ಸು ಬಂದು ಮನೆ ಐತಾ ಅಂತ ಕೈಸನ್ನೆ ಮಾಡಿದ್ಲು. ಇತ್ತು, ಕೊಟ್ಟೆ. ಪೇಪರ್ಗೆ ಎಬ್ಬೆಟ್ಟು ಒತ್ತು ಅಂದ್ಲು, ಒತ್ತಿದೆ." ಆಮೇಲೆ ನನ್ನನ್ನು ಕೇಳಿದಳು, "ನಿಮ್ಮನೆ ಎಲ್ಲವ್ವ? ಸ್ವಂತದ್ದಾ?"

"ಅಟ್ಟೂರು. ಸ್ವಂತದ್ದು" ಎಂದೆ. ಆಕೆ ಒಲೆಯ ಮುಂದೆ ನಮಗೆ ಬೆನ್ನು ಮಾಡಿ ನಿಂತಿದ್ದರು. ಕನ್ನಡ ಅಷ್ಟು ಹೊತ್ತಿಗೆ ಸ್ವಲ್ಪ ಅರ್ಥವಾಗುತ್ತಿತ್ತೋ ಏನೋ, ನನಗೆ ಗೊತ್ತಿಲ್ಲ. ಲೋಟಕ್ಕೆ ಹಾಲು ಬಗ್ಗಿಸಿ, ಸಕ್ಕರೆ ಎಷ್ಟು ಎಂದು ಕೇಳಿದರು.