ನೂಲಿಲ್ಲದ ಗೂಡು

ಹೂನೊಣಗಳಲ್ಲಿ ಪ್ಯಾರಾಗಸ್ ಎಂಬ ಕುಲವೊಂದಿದೆ. ಅಕ್ಕಿಕಾಳಿನಷ್ಟೇ ಮೈ, ಹಳದಿ ಮುಖ, ಕಣ್ಣಿನ ಮೇಲೆ ಬಿಳಿ ಕೂದಲಿನ ಪಟ್ಟೆ. ಅದು ನಮ್ಮ ಜಿಲ್ಲೆಯಲ್ಲಿ ಎಲ್ಲೆಲ್ಲಿದೆಯೆಂದು ನಕ್ಷೆ ಮಾಡುವ ಹುಚ್ಚು ಹತ್ತಿ, ರಜೆಯಲ್ಲೆಲ್ಲ ಬಲೆ ಹಿಡಿದು ಅಲೆದವಳು ನಾನು. ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಹೀಗೆ ಉಳಿದೆಲ್ಲ ತಾಲ್ಲೂಕಿಗೂ ಚುಕ್ಕಿ ಬಿತ್ತು. ಶಿಡ್ಲಘಟ್ಟ ಮಾತ್ರ ಖಾಲಿ. ಅದೇ ತಾಲ್ಲೂಕಿನ ಸಾದಲಿಯಲ್ಲಿ ನನ್ನ ದೊಡ್ಡಮ್ಮನೇ ರೇಷ್ಮೆ ಹುಳು ಸಾಕುತ್ತಾಳೆ. ಹಾಗಾಗಿ ಆ ಖಾಲಿ ಜಾಗ ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು.

“ದೊಡ್ಡಮ್ಮ, ನೊಣ ಹಿಡಿಯಕ್ಕೆ ಬರ್ತೀನಿ,” ಎಂದು ಫೋನ್ ಮಾಡಿದೆ.

“ಬಾರಮ್ಮ, ನಿನಗೆ ಪುಣ್ಯ ಬರ್ತದೆ.”

ಹೋದ ಮೇಲೆ ತಿಳಿಯಿತು. ರೇಷ್ಮೆಯವರಿಗೆ ನೊಣವೆಂದರೆ ಊಜಿ ನೊಣವೊಂದೇ, ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಬೆಳೆ ಹಾಳುಮಾಡುವ ಪಿಡುಗು. ತಂಗಿಯ ಮಗಳು ಊಜಿ ಹಿಡಿಯಲು ಬರುತ್ತಾಳೆಂದು ದೊಡ್ಡಮ್ಮ ಬೀದಿಗೆಲ್ಲ ಸಾರಿಬಿಟ್ಟಿದ್ದಳು. ನಾನು ಹೂನೊಣದ ಚಿತ್ರ ತೋರಿಸಿದಾಗ ಕಾದಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದುಹೋದರು.

ಇದರ ಮರಿ ಅವರೆಯ ಕುಡಿಗೆ ಹತ್ತಿ ರಸ ಹೀರುವ ಹೇನು ತಿನ್ನುತ್ತದೆ ಎಂದು ಮರಿಯ ಚಿತ್ರವನ್ನೂ ತೋರಿಸಿದೆ. ದೊಡ್ಡಮ್ಮನ ಮುಖ ಸಪ್ಪಗಾಯಿತು. “ಇದಾ? ಊಜಿ ಮರಿ ಅಂತ ದಿನಾ ಹೊಸಕಿ ಹಾಕ್ತಿದ್ದೆ ಕಣೇ.”

ನನಗೆ ಸಿಟ್ಟೂ ಬಂತು, ನಗುವೂ ಬಂತು. ಹಿತ್ತಲಿನ ಅವರೆಯ ಕುಡಿಗಳನ್ನು ಒಂದೊಂದಾಗಿ ತಿರುಗಿಸಿದೆವು. ಸಂಜೆಯ ಹೊತ್ತಿಗೆ ಸಿಕ್ಕಿದ್ದು ಒಂದೇ ಒಂದು ಮರಿ. ಹೇಗೆ ಸಾಕಬೇಕೆಂದು ಬಾಯಿ ತೆರೆದೆ.

“ಹುಳು ಸಾಕೋದು ನನಗೆ ಹೇಳಿಕೊಡ್ತೀಯಾ? ನೀನು ಹೋಗು.”

ಬಲೆ ಬಟ್ಟೆ ಕಟ್ಟಿದ ಡಬ್ಬಿಯಲ್ಲಿಟ್ಟು, ಎರಡು ಹೊತ್ತೂ ಹೇನು ಹತ್ತಿದ ಕುಡಿ ಹಾಕಿದಳು. ದಿನವೂ ಫೋನು. ಮೇವು ಬಿಟ್ಟಿದೆ, ಪೊರೆ ಬಿಡುವ ಜ್ವರ ಬಂದಿರಬೇಕು ಎಂದು ಒಂದು ದಿನ. ಮತ್ತೊಂದು ದಿನ ದೂರು: “ಗೂಡೇನೋ ಕಟ್ಟಿದೆ, ಒಂದೆಳೆ ನೂಲಿಲ್ಲ. ಶುದ್ಧ ಸೋಮಾರಿ ಕಣಮ್ಮ ನಿನ್ನ ಹುಳ.” ಈ ನೊಣದ ಮರಿ ನೂಲು ತೆಗೆಯುವುದೇ ಇಲ್ಲ, ಗಟ್ಟಿಯಾದ ಅದರ ಚರ್ಮವೇ ಗೂಡು. ನಾನು ಬಿದ್ದು ಬಿದ್ದು ನಕ್ಕೆ.

ನೊಣ ಹೊರಬಂದ ಸುದ್ದಿ ಕೇಳಿ ಓಡಿದೆ. ಹಳದಿ ಮುಖ, ಕಣ್ಣಿನ ಪಟ್ಟೆ. ಪ್ಯಾರಾಗಸ್ಸೇ. ಕುಣಿಯುವಷ್ಟು ಖುಷಿಯಾಯಿತು. ಆದರೆ ಯಾವ ಪ್ರಭೇದವೆಂದು ತಿಳಿಯಲು ಅದನ್ನು ಕೊಂದು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಇಲ್ಲದಿದ್ದರೆ ನಕ್ಷೆಯಲ್ಲಿ ಚುಕ್ಕಿ ಬೀಳುವುದಿಲ್ಲ, ಕುಲ ಮಾತ್ರ ಗೊತ್ತೆಂದು ಬರಿಯ ಖಾಲಿ ಸೊನ್ನೆ ಹಾಕಬೇಕು. ಚೀಲದಿಂದ ಔಷಧದ ಶೀಸೆ ತೆಗೆದೆ.

ದೊಡ್ಡಮ್ಮ ಡಬ್ಬಿಯ ಮೇಲೆ ಕೈಯಿಟ್ಟಳು. “ಬೇಡಮ್ಮ. ಸಾಕಿದ್ದೀನಿ.”

“ನೀನು ಮಾರೋ ಗೂಡನ್ನ ಬೇಯಿಸಿದಾಗ ಒಳಗಿರೋವು ಸಾಯಲ್ವಾ?”

ಅವಳು ಕೈ ತೆಗೆಯಲಿಲ್ಲ. “ಸಾಯ್ತವೆ. ಮದುವೆಯಾಗಿ ಬಂದಾಗಿಂದ ಸಾಕ್ತಿದ್ದೀನಿ. ಒಂದಕ್ಕೂ ಹೋಗು ಅನ್ನಕ್ಕೆ ಆಗಿಲ್ಲ.”

ನಾನು ಶೀಸೆಯನ್ನು ಚೀಲದೊಳಗೆ ಹಾಕಿ, ಒಂದು ಫೋಟೊ ತೆಗೆದುಕೊಂಡು ಡಬ್ಬಿಯನ್ನು ಅವಳತ್ತ ಸರಿಸಿದೆ. ಬಟ್ಟೆಯ ದಾರ ಬಿಚ್ಚಿದ್ದು ಅವಳೇ. ನೊಣ ಅವಳ ಮೂಗಿನ ಮುಂದೆ ಗಾಳಿಯಲ್ಲಿ ಒಂದು ಕ್ಷಣ ನಿಂತಿತು.

“ಹೋಗಪ್ಪ, ಹೋಗು,” ಎಂದಳು ದೊಡ್ಡಮ್ಮ.