ತಾರಸಿ ಮೇಲಿನ ಎರಡು ನದಿ

ವಸಂತ್ ಕುಂಜದಲ್ಲಿ ಮಗನ ಮನೆ ತಾರಸಿ ಮೇಲೆ ಎರಡು ನೀರಿನ ಟ್ಯಾಂಕು. ಒಂದು ನಮ್ಮದು, ಇನ್ನೊಂದು ಎದುರುಮನೆ ಪಂಜಾಬಿ ಮುದುಕಿಯದು. ಬೆಳಿಗ್ಗೆ ಮೋಟರು ಹಾಕಿದರೆ ಎರಡೂ ತುಂಬಿ ಪೈಪಿನಿಂದ ತಾರಸಿಗೆ ಸುರಿಯೋವು. ಮೆಟ್ರೊ ಇನ್ನೂ ನಮ್ಮ ಕಡೆ ಬಂದಿರಲಿಲ್ಲ, ಪ್ಲಂಬರೂ ಬಂದಿರಲಿಲ್ಲ. ಒಣಗಿದ ಜಾಗ ಅಂತ ಇದ್ದಿದ್ದು ಗೋಡೆ ಪಕ್ಕದ ಒಂದು ಮೂಲೆ. ಅಲ್ಲಿ ನನ್ನ ಅಕ್ಕಿ ಸಂಡಿಗೆ ಒಣಗಬೇಕೋ, ಸಾರಿಗೆ ಹಾಕೋ ಅವಳ ಉದ್ದಿನ ವಡಿ ಒಣಗಬೇಕೋ ಅಂತ ಬೇಸಿಗೆಯೆಲ್ಲ ಜಗಳ.

"ಯಾರ ನೀರು ಕಡಿಮೆ ದೂರ ಹರಿಯುತ್ತೋ ಅವರಿಗೆ ಮೂಲೆ, ಬೆಹೆನ್‌ಜಿ" ಅಂದಳು ಒಂದು ದಿನ.

ಅಳೆಯೋಕೆ ಆರನೇ ಕ್ಲಾಸಿನ ನನ್ನ ಮೊಮ್ಮಗಳು ನಿಂತಳು. ಅಮೆರಿಕದಲ್ಲೂ ಹೀಗೇ ಅಂತೆ, ಅವಳೇ ಹೇಳಿದಳು. ಪ್ರಪಂಚದಲ್ಲಿ ನಮ್ಮ ನದಿಯೇ ಚಿಕ್ಕದು ಅಂತ ಒಂದೂರಿನ ಶಾಲೆ ಮಕ್ಕಳು ಅಳೆದು ತೋರಿಸಿದರಂತೆ. ಇನ್ನೊಂದೂರಿನವರು ಸಮುದ್ರ ಉಕ್ಕಿ ನದಿಯೊಳಗೆ ಬರೋ ಹೊತ್ತು ನೋಡಿ ತಮ್ಮದನ್ನ ಅಳೆದು, ಇಲ್ಲ ನಮ್ಮದೇ ಚಿಕ್ಕದು ಅಂದರಂತೆ. ಈ ಎರಡನೇ ಊರಿನವರು ನನಗೆ ಹಿಡಿಸಿದರು.

ಮಾರನೇ ಬೆಳಿಗ್ಗೆ ಹಳೇ ಹೊದಿಕೆ ಸುತ್ತಿ ನಮ್ಮ ನೀರಿಗೆ ಅಡ್ಡ ಕಟ್ಟೆ ಹಾಕಿದೆ. ನೀರು ಕಟ್ಟೆ ಹಿಂದೆ ಕೆರೆ ಹಾಗೆ ನಿಂತಿತು. "ಇಲ್ಲಿಂದಾಚೆ ಸಮುದ್ರ. ಪೈಪಿನಿಂದ ಇಲ್ಲಿವರೆಗೆ ಅಳೆ" ಅಂದೆ, ನಿಂತ ನೀರಿನ ಅಂಚು ತೋರಿಸಿ. ಮೂರು ಮೊಳ. ನೋಡ್ತಾ ಇದ್ದ ಹಾಗೇ ಸಮುದ್ರ ಹಿಂದಕ್ಕೆ ಉಕ್ಕಿ ಎರಡೇ ಮೊಳ ಆಯ್ತು.

"ಅಜ್ಜಿ, ಯೇ ತೋ ಚೀಟಿಂಗ್ ಹೈ."

"ನಿಮ್ಮ ಅಮೆರಿಕದವರು ಮಾಡಿದ್ದು ಏನು ಮತ್ತೆ?"

ಪಂಜಾಬಿಯವಳು ಒಳಗೆ ಹೋದಳು. ಒಂದು ಬಕೆಟ್ಟು ತಂದು ತನ್ನ ಪೈಪಿನ ಕೆಳಗೇ ಇಟ್ಟಳು. ಒಂದು ಹನಿ ನೆಲಕ್ಕೆ ಬೀಳಲಿಲ್ಲ.

ಮೊಮ್ಮಗಳು ಯೋಚನೆ ಮಾಡಿ, "ನೆಲ ಮುಟ್ಟಲಿಲ್ಲ ಅಂದ್ರೆ ಅದು ನದಿ ಅಲ್ಲ ಆಂಟಿ, ಝರ್ನಾ, ಜಲಪಾತ. ಅಜ್ಜಿ ಗೆದ್ದಳು" ಅಂದಳು. ಮೊದಲ ಸಂಡಿಗೆ ಕರಿದು ನಿನಗೇ ಕೊಡ್ತೀನಿ ಅಂತ ನಾನು ಹಿಂದಿನ ದಿನ ಹೇಳಿದ್ದೆ, ಅದು ಬೇರೆ ಮಾತು.

ಮೊಮ್ಮಗಳು ಸ್ಕೂಲಿಗೆ ಹೋದಳು. ನಾನು ಮೂಲೆಯಲ್ಲಿ ಹಾಳೆ ಹಾಸಿ ಸಂಡಿಗೆ ಇಟ್ಟೆ. ಕೊನೇ ಸಾಲು ಇಡುವಾಗ ಕಾಲು ತಣ್ಣಗಾಯಿತು. ಸಮುದ್ರ ಕಟ್ಟೆ ಸುತ್ತಿಕೊಂಡು ಮೂಲೆಗೇ ಬಂದಿತ್ತು. ಹಿಟ್ಟೆಲ್ಲ ಮಜ್ಜಿಗೆ ಆಯ್ತು.

"ಈಗ ಅಳೆಯೋಣವಾ ಬೆಹೆನ್‌ಜಿ?" ಅಂದಳು, ಬಕೆಟ್ಟಿನ ಪಕ್ಕ ಕೂತು.

ಸಾಯಂಕಾಲ ಮೊಮ್ಮಗಳು ಸಂಡಿಗೆ ಕೇಳಿದಳು. ಇಲ್ಲ ಅಂದಿದ್ದಕ್ಕೆ ಎದುರುಮನೆಗೆ ಹೋಗಿ ವಡಿ ಸಾರು ತಿಂದು ಬಂದಳು.

ಮಾರನೇ ದಿನ ನಾನೂ ಪೈಪಿನ ಕೆಳಗೆ ಬಕೆಟ್ಟು ಇಟ್ಟೆ. ತಾರಸಿಯೆಲ್ಲ ಒಣಗಿತು, ಎಲ್ಲಿ ಬೇಕಾದರೂ ಸಂಡಿಗೆ ಇಡಬಹುದಿತ್ತು. ಮೂಲೆಯಲ್ಲಿ ಮಾತ್ರ ಅವಳ ವಡಿ ಇತ್ತು. ನನಗೆ ಆ ಮೂಲೆಯೇ ಬೇಕಿತ್ತು.