ಎಣ್ಣೆ ಮುಗಿಯುವ ತನಕ

ಅಂಕಯ್ಯನಿಗೆ ಹುಚ್ಚು ಅಂತ ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಮೊದಲು ಹೇಳಿದವನು ನಾನೇ. ಹೇಳದೆ ಇನ್ನೇನು? ಐವತ್ತೆಂಟು ವರ್ಷದ ಗಂಡಸು, ಹಗಲೆಲ್ಲ ನನ್ನ ಪಕ್ಕದ ಲೇತಿನಲ್ಲಿ ಗೊಂಬೆ ಕಡೆಯುವವನು, ಸಂಜೆಯಾದರೆ ಎರಡು ಮೊಳದ ವಿಮಾನ ಮಾಡುತ್ತ ಕೂರುತ್ತಿದ್ದ. ಶೋಕೇಸಿನಲ್ಲಿ ಇಡುವುದಲ್ಲ ಸ್ವಾಮಿ, ಹಾರುವಂಥದ್ದು!

ಒಂದು ಸ್ಕ್ರೂ ಬಿಟ್ಟರೆ ಅಂಗಡಿಯಿಂದ ತಂದದ್ದು ಏನೂ ಇಲ್ಲ. ಎಂಜಿನ್ನನ್ನು ಸಾಬೀರನ ವರ್ಕ್‌ಶಾಪಿನಲ್ಲಿ ಗುಜರಿ ಕಬ್ಬಿಣದಿಂದ ತಾನೇ ಕಡೆದ. ಒಂದು ಪಿಸ್ಟನ್ನು ಸರಿಯಾಗಿ ಕೂರುವಷ್ಟರಲ್ಲಿ ಹನ್ನೊಂದು ಕೆಡಿಸಿದ್ದ. ಮೂತಿಯ ಫ್ಯಾನು ನಾವು ಗೊಂಬೆಗೆ ಬಳಸುವ ಆಲೆ ಮರದ್ದೇ. ರೆಕ್ಕೆಗೆ ಬಿಗಿದದ್ದು ಅವನ ಹೆಂಡತಿ ಕೃಷ್ಣಮ್ಮನ ಧಾರೆ ಸೀರೆಯ ರೇಷ್ಮೆ. ಕೇಳಲು ಅವನು ಹೆದರುತ್ತಿದ್ದಾಗ ಅವಳೇ ಕತ್ತರಿ ತಂದು ಮುಂದಿಟ್ಟಳಂತೆ. ಎರಡು ವರ್ಷ ಹಿಡಿಯಿತು. ಎರಡು ವರ್ಷವೂ ನಾವು ನಕ್ಕೆವು.

ಈ ವಿಮಾನ ಎಲ್ಲಿಗೂ ಹೋಗುವುದಿಲ್ಲ. ಅದರಿಂದ ಹೊರಟ ಐವತ್ತು ಅಡಿಯ ಎರಡು ಉಕ್ಕಿನ ತಂತಿ ಹಾರಿಸುವವನ ಕೈಯ ಹಿಡಿಗೆ ಬಂದು ಸೇರುತ್ತವೆ. ಅವನು ನಡುವೆ ನಿಂತು ತಿರುಗುತ್ತಾನೆ, ಅದು ಅವನನ್ನು ಸುತ್ತುತ್ತದೆ. ಒಮ್ಮೆ ಎದ್ದರೆ ಎಣ್ಣೆ ಮುಗಿಯುವ ತನಕ, ಅಂದರೆ ನಾಲ್ಕು ನಿಮಿಷ, ನಿಲ್ಲಿಸುವಂತಿಲ್ಲ. ನಡುವೆ ಹಿಡಿ ಬಿಟ್ಟರೆ ನೆಲಕ್ಕೆ ಬಡಿದು ನುಚ್ಚುನೂರು.

ಇದನ್ನು ಅವನೇ ವಿವರಿಸಿ ಹೇಳಿದಾಗ ನನಗೂ ಅಂಗಡಿಯಲ್ಲಿ ಪ್ಯಾಕಿಂಗ್ ಮಾಡುವ ಬೈರೇಶನಿಗೂ ತಲೆ ಓಡಿತು. ಕೃಷ್ಣಮ್ಮನಿಗೆ ಸಕ್ಕರೆ ಕಾಯಿಲೆ. ಹಿಂದಿನ ತಿಂಗಳಷ್ಟೇ ಎಚ್ಚರ ತಪ್ಪಿ ಬಿದ್ದಿದ್ದಳು. ವಿಮಾನ ಮೇಲಿರುವಾಗ ಅವಳು ಮತ್ತೆ ಬಿದ್ದಳು ಅಂತ ಕೂಗಿದರೆ? ಹಿಡಿ ಬಿಟ್ಟು ಓಡುತ್ತಾನೆ ಅಂದೆ ನಾನು. ಬಿಡುವುದಿಲ್ಲ ಅಂದ ಬೈರೇಶ. ಸೋತವನು ಬಿಡದಿಯಲ್ಲಿ ತಟ್ಟೆ ಇಡ್ಲಿ ಕೊಡಿಸಬೇಕು ಅಂತ ಮಾತಾಯಿತು.

ಭಾನುವಾರ ಬೆಳಗ್ಗೆ, ಒಣಗಿದ ಕೆರೆ ಅಂಗಳ. ಬೈರೇಶ ಫೋನು ಹಿಡಿದು ವಿಡಿಯೋ ಮಾಡುತ್ತಿದ್ದ. ದರಿದ್ರದ್ದು, ಎಷ್ಟು ಚೆನ್ನಾಗಿ ಹಾರಿತು ಅಂತೀರಿ! ಮೂವತ್ತು ವರ್ಷ ಒಂದೇ ಥರದ ಗಿಲಕಿ ಕಡೆದ ನನ್ನ ಹೊಟ್ಟೆ ಉರಿದುಹೋಯಿತು. ಗಂಟಲು ಹರಿಯುವಂತೆ ಕೂಗಿದೆ.

"ಅಂಕಯ್ಯಾ! ಕೃಷ್ಣಮ್ಮ ಬಿದ್ಬುಟ್ಳು ಕಣ್ಲಾ! ಉಸ್ರು ಸಿಗ್ತಿಲ್ವಂತೆ, ಓಡ್ಲಾ!"

ಅವನ ಮುಖ ಬಿಳಚಿಕೊಂಡಿತು. ಮನೆಯ ದಿಕ್ಕಿಗೆ ಎರಡು ಹೆಜ್ಜೆ ಇಟ್ಟ, ವಿಮಾನ ನೆಲದ ತನಕ ಬಂತು. ಬಿಟ್ಟ, ಗೆದ್ದೆ ಅಂದುಕೊಂಡೆ. ಅದು ಮತ್ತೆ ಎದ್ದಿತು.

"ಒಸಿ ತಾಳ್ಲಾ ಸಿದ್ದರಾಮು," ಅಂದ ಅಳುತ್ತಾ. "ಎಣ್ಣೆ ಮುಗೀಲಿ, ಬಂದ್ಬುಡ್ತೀನಿ."

ಎರಡೂವರೆ ನಿಮಿಷ ಅಳುತ್ತಲೇ ತಿರುಗಿದ. ಒಂದು ಗೀರೂ ಬೀಳದಂತೆ ಇಳಿಸಿದ. ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಮನೆಗೆ ಓಡಿದ. ನಾವು ವಿಮಾನ ಎತ್ತಿಕೊಂಡು ಬೈಕಿನಲ್ಲಿ ಹಿಂದೆ ಹೋದೆವು.

ಕೃಷ್ಣಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಅವನು ಅವಳ ಕಾಲ ಹತ್ತಿರ ಕುಸಿದು ಬಿಕ್ಕುತ್ತಿದ್ದ.

"ಯಾರೋ ಸುಳ್ಳು ಹೇಳವ್ರೆ, ಅಳ್ಬ್ಯಾಡ ಸುಮ್ನಿರು," ಅನ್ನುತ್ತಿದ್ದಳು. ಮುಖ ಅರಳಿತ್ತು. "ಎಲ್ಡು ವರ್ಸದ್ದು ಬುಟ್ಟು ಓಡ್ಬಂದ್ಯಾ ನಂಗೋಸ್ಕರ?"

ಅಷ್ಟರಲ್ಲಿ ಬೈರೇಶನ ಕೈಯಲ್ಲಿದ್ದ ವಿಮಾನ ಅವಳ ಕಣ್ಣಿಗೆ ಬಿತ್ತು.

"ಇದ್ಯಾಕೆ ಒಡ್ದಿಲ್ಲ?"

ನಾನೇ ಬೈರೇಶನ ಜೇಬಿನಿಂದ ಫೋನು ಕಿತ್ತುಕೊಂಡು, ವಿಡಿಯೋ ಹಾಕಿ ಅವಳ ಕೈಗೆ ಕೊಟ್ಟೆ. ಯಾಕೆ ಕೊಟ್ಟೆ? ಇಡ್ಲಿ ಸೋತ ಸಿಟ್ಟಿಗಲ್ಲ. ಅವಳ ಆ ಅರಳಿದ ಮುಖವನ್ನು ನೋಡಲಾಗಲಿಲ್ಲ, ಅಷ್ಟೆ. ನನಗೆ ಹಾಗೆ ಯಾರೂ ಮುಖ ಅರಳಿಸಿದ್ದಿಲ್ಲ.

ಅವಳು ಪೂರ್ತಿ ನೋಡಿದಳು. ತಾಳ್ಲಾ ಅಂದದ್ದನ್ನು ಕೇಳಿದಳು, ಆಮೇಲಿನ ಸುತ್ತುಗಳನ್ನೂ ನೋಡಿದಳು. ಫೋನು ವಾಪಸ್ ಕೊಟ್ಟು ಮೊರ ಎಳೆದುಕೊಂಡಳು.

ಅಂಕಯ್ಯ ಎದ್ದು ವಿಮಾನ ಕಸಿದುಕೊಂಡು, ಒಗೆಯುವ ಕಲ್ಲಿಗೆ ಅಪ್ಪಳಿಸಲು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿದ.

ಅವಳು ತಲೆ ಎತ್ತಲಿಲ್ಲ. ಇನ್ನೊಂದು ಅವರೆಕಾಯಿ ಬಿಡಿಸಿದಳು.

"ಈಗ್ಯಾಕೆ?" ಅಂದಳು. "ಆಗ ಹೊಡೀಬೇಕಿತ್ತು."